ಪಿಸುಮಾತೂ ಕೂಡದ ಕೋಣೆ

ತನ್ನ ಸ್ಯಾಂಪಲ್ಲನ್ನು ಬೇರೆ ಊರಿನ ಲ್ಯಾಬಿಗೆ ಕಳಿಸಿಕೊಟ್ಟವನು ಅವನೇ ಎಂದು ಗೊತ್ತಾದಾಗ ಅವಳ ಕೈಯಲ್ಲಿ ಚಿಮಟವಿತ್ತು. ಚಿಮಟದ ತುದಿಯಲ್ಲಿ ಉಗುರಿನಗಲದ ಗಾಜಿನ ಚೂರು, ಅದರ ಮೇಲೆ ತೆಳ್ಳಗೆ ಚಿನ್ನ. ಗಾಜು ಬೀಳಲಿಲ್ಲ. ಎಂಥ ಸುದ್ದಿ ಬಂದರೂ ಚಿಮಟ ಸಡಿಲಬಾರದು ಎಂದು ಮೊದಲ ವಾರವೇ ಕಲಿಸಿದ್ದವನು ಅವನು. ಅದು ನೆನಪಾಗಿ ಅವಳ ಸಿಟ್ಟು ಇನ್ನಷ್ಟು ಏರಿತು.

"ನಿಂಗೆ ಹೇಳಿಲ್ವಾ?" ಎಂದಳು ಪಕ್ಕದ ಮೇಜಿನ ಗೆಳತಿ. ಹೇಳಬಾರದ್ದನ್ನು ಹೇಳಿಬಿಟ್ಟೆ ಎಂಬ ಮುಖ ಅವಳದು.

ಹೇಳಿರಲಿಲ್ಲ. ಅದಿರಲಿ, ಈಚೆಗೆ ಅವನು ಅವಳ ಮುಖ ನೋಡಿ ನೆಟ್ಟಗೆ ಒಂದು ಮಾತನ್ನೂ ಆಡಿರಲಿಲ್ಲ.

ಅವನು ಆ ಲ್ಯಾಬಿನ ಹಿರಿಯ ಸಂಶೋಧಕ, ಡಾಕ್ಟರೇಟಿನ ಕೊನೆಯ ಹಂತದಲ್ಲಿದ್ದ. ಅವಳು ಎಂ.ಎಸ್ಸಿ. ಕೊನೆಯ ವರ್ಷದವಳು. ಕೊನೆಯ ವರ್ಷದವರೆಲ್ಲ ಒಬ್ಬರ ಕೈಕೆಳಗೆ ಸಂಶೋಧನಾ ಪ್ರಾಜೆಕ್ಟ್ ಮಾಡಲೇಬೇಕು. ಕಾಗದದ ಮೇಲೆ ಅವಳ ಗೈಡ್ ಪ್ರೊಫೆಸರ್ ಮೇಡಂ. ದಿನವೂ ಪಕ್ಕದಲ್ಲಿ ನಿಂತು ಕಲಿಸುವವನು, ಕಡೆಗೆ ಅರ್ಧದಷ್ಟು ಮಾರ್ಕು ಹಾಕುವವನು ಇವನು. ಲ್ಯಾಬಿನಲ್ಲಿ ಎಲ್ಲರೂ ಅವನನ್ನು "ಶ್" ಎಂದೇ ಕರೆಯುತ್ತಿದ್ದರು.

ಆ ಹೆಸರು ಬಂದದ್ದು ಕಾರಿಡಾರಿನ ತುದಿಯ ಪುಟ್ಟ ಕೋಣೆಯಿಂದ. ಅಲ್ಲಿರುವ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವುದಕ್ಕೆ ಏನೂ ಇಲ್ಲ. ಕಣ್ಣಿಗೆ ಕಾಣದಷ್ಟು ಚೂಪಾದ ಒಂದು ಸೂಜಿ ಸ್ಯಾಂಪಲ್ಲಿನ ಮೇಲೆ ಸವರುತ್ತ ಹೋಗುತ್ತದೆ, ಕತ್ತಲಲ್ಲಿ ಗೋಡೆ ತಡವಿದ ಹಾಗೆ. ಸೂಜಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ಗೆರೆಗೆರೆಯಾಗಿ ಪರದೆಯ ಮೇಲೆ ಚಿತ್ರವಾಗುತ್ತದೆ. ಅಣುಗಳ ಉಬ್ಬುತಗ್ಗನ್ನೇ ಹಿಡಿಯುವ ಆ ಸೂಜಿಗೆ ಕೆಮ್ಮು, ಪಿಸುಮಾತು, ಬಾಗಿಲು ಬಡಿದ ಸದ್ದು ಎಲ್ಲವೂ ಭೂಕಂಪ. ಅದಕ್ಕಾಗಿಯೇ ಗಾಳಿ ತುಂಬಿದ ಕಾಲುಗಳ ಮೇಲೆ ಕಲ್ಲಿನ ಮೇಜು. ಅದಕ್ಕಾಗಿಯೇ ಬಾಯಿ ತೆರೆದವರ ಮೇಲೆಲ್ಲ ಅವನ "ಶ್".

ಕೋಣೆ ಎಷ್ಟು ಕಿರಿದೆಂದರೆ ಇಬ್ಬರು ಒಳಗೆ ಹೋದರೆ ಒಬ್ಬರು ಗೋಡೆಗೂ ಮೇಜಿಗೂ ನಡುವಿನ ಮೂಲೆ ಸ್ಟೂಲಿನ ಮೇಲೆ ಮುದುಡಿ ಕೂರಬೇಕು. ಮೈಕ್ರೋಸ್ಕೋಪಿನಿಂದ ಇಳಿದ ವೈರುಗಳ ಕಂತೆ ಅಲ್ಲೇ ಮೊಣಕಾಲಿಗೆ ತಾಗುವಂತಿತ್ತು. ಆ ಸ್ಟೂಲು ಅವನದು. ಯಾರು ಹೊಸ ಸ್ಯಾಂಪಲ್ ಇಟ್ಟರೂ ಅವನು ಅಲ್ಲಿ ಬಂದು ಕೂರುತ್ತಿದ್ದ.

ಮಾತಿಲ್ಲದ ಆ ಕೋಣೆಯಲ್ಲಿ ಅವರಿಬ್ಬರಿಗೆ ಬೇರೆಯೇ ಭಾಷೆ ಹುಟ್ಟಿಕೊಂಡಿತ್ತು. ಅಂಗೈ ಕೆಳಗೆ ಮಾಡಿದರೆ ನಿಧಾನ. ಒಂದು ಹುಬ್ಬು ಎತ್ತಿದರೆ ಪರವಾಗಿಲ್ಲ. ಎರಡೂ ಹುಬ್ಬು ಎತ್ತುವುದು ಬಹಳ ಅಪರೂಪ, ಅದಕ್ಕಾಗಿ ಅವಳು ವಾರಗಟ್ಟಲೆ ದುಡಿಯುತ್ತಿದ್ದಳು. ಒಮ್ಮೆ ಅವಳು ಬೇಕೆಂದೇ ಸೀನು ಬಂದವಳಂತೆ ಮೂಗು ಹಿಡಿದುಕೊಂಡಿದ್ದಳು. ಅವನು ಗಾಬರಿಯಿಂದ ಸ್ಟೂಲಿನಿಂದ ಅರ್ಧ ಎದ್ದ. ಅವಳು ಕೈ ತೆಗೆದು, ನಗು ನುಂಗಿಕೊಂಡು, ತಲೆ ಅಡ್ಡಡ್ಡ ಆಡಿಸಿದಳು. ಅವನು ಕಣ್ಣು ಕಿರಿದು ಮಾಡಿ ಅವಳನ್ನು ದುರುಗುಟ್ಟಿ ನೋಡಿದ. ಆದರೆ ಆ ದುರುಗುಟ್ಟುವಿಕೆ ತುಟಿಯ ಅಂಚಿಗೆ ಬರುವಷ್ಟರಲ್ಲಿ ಸೋತುಹೋಗಿತ್ತು. ಆ ದಿನ ಹಾಸ್ಟೆಲಿಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಕಾಲು ನೆಲದ ಮೇಲಿರಲಿಲ್ಲ.

ಪಟ್ಟೆಗಳು ಕಂಡದ್ದೂ ಹಾಗೆಯೇ, ಅವನು ಮೂಲೆಯಲ್ಲಿ ಕೂತಿದ್ದಾಗ. ಚಿನ್ನದ ಮೇಲೆ ಅವಳು ಒಂದೇ ಅಣುವಿನ ದಪ್ಪಕ್ಕೆ ಒಂದು ಪದರ ಹಾಸಿದ್ದಳು. ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತವೆ ಎಂದು ಎಲ್ಲರೂ ತಿಳಿದಿದ್ದ ಅಣುಗಳು ಪರದೆಯ ಮೇಲೆ ಸಾಲುಸಾಲಾಗಿ, ಬಾಚಣಿಗೆಯಲ್ಲಿ ಬಾಚಿದ ಕೂದಲಿನಂತೆ ಅಲೆಯಲೆಯಾಗಿ ನಿಂತಿದ್ದವು. ಅವನ ಎರಡೂ ಹುಬ್ಬು ಏರಿದವು. ಪದರವಿಲ್ಲದ ಬರೀ ಚಿನ್ನವನ್ನು ಅವಳು ಹಿಂದಿನ ವಾರವೇ ಒಬ್ಬಳೇ ನೋಡಿದ್ದಳು. ಅದರಲ್ಲಿ ಪಟ್ಟೆ ಇರಲಿಲ್ಲ. ಅಂದಮೇಲೆ ಪಟ್ಟೆ ಅಣುಗಳದ್ದೇ. ಆಮೇಲೆ ಹೊಸ ಸ್ಯಾಂಪಲ್ ಇಟ್ಟಾಗಲೆಲ್ಲ ಪಟ್ಟೆ ಬಂತು. ಲ್ಯಾಬಿನವರು ಅವಳಿಗೆ "ಪಟ್ಟೆ" ಎಂದು ಹೆಸರಿಟ್ಟರು. ಇದು ನಿಜವಾದರೆ ಡಾಕ್ಟರೇಟಿಗೆ ತನ್ನ ಬಳಿಯೇ ಸೀಟು ಎಂದು ಮೇಡಂ ಬಾಯಿಬಿಟ್ಟು ಹೇಳಿದ್ದರು. ಅವಳು ಆಗಲೇ ಮನೆಗೆ ಫೋನ್ ಮಾಡಿ ಹೇಳಿಯೂ ಆಗಿತ್ತು.

ಈಗ ಮೇಡಂ ಕರೆಸಿದ್ದರು.

ಬೇರೆ ಲ್ಯಾಬಿನವರ ಉತ್ತರ ಮೇಡಂ ಪರದೆಯ ಮೇಲಿತ್ತು. ಅಲ್ಲಿ ಎಷ್ಟು ಸಲ ನೋಡಿದರೂ ಒಂದು ಪಟ್ಟೆಯೂ ಕಾಣಲಿಲ್ಲವಂತೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದೇ ಪ್ರಶ್ನೆ ಕೇಳ್ತೀನಿ. ಚಿತ್ರಗಳನ್ನ ಯಾರಾದ್ರೂ ತಿದ್ದಿದ್ದೀರಾ?"

ಇಲ್ಲ ಎಂದಳು. ದನಿ ತನ್ನದೆಂದು ಅವಳಿಗೇ ಅನ್ನಿಸಲಿಲ್ಲ.

"ಹಾಗಿದ್ರೆ ಮುಂದಿನ ಶುಕ್ರವಾರದ ಸೆಮಿನಾರಿಗೆ ಮುಂಚೆ ಇದೇನು ಅಂತ ಕಂಡುಹಿಡಿ. ತಪ್ಪಾಗೋದು ಸಹಜ, ನನಗೂ ಆಗಿದೆ. ಆದ್ರೆ ಇಲ್ಲದ್ದನ್ನ ಇದೆ ಅಂದವರಿಗೆ ನನ್ನ ಲ್ಯಾಬಲ್ಲಿ ಜಾಗ ಇಲ್ಲ."

ಕಾರಿಡಾರಿನಲ್ಲಿ ಅವನು ಗೋಡೆಗೆ ಒರಗಿ ಕಾಯುತ್ತಿದ್ದ. ಅವಳು ಅವನನ್ನು ದಾಟಿ ಹೋದಳು, ನಿಂತಳು, ತಿರುಗಿ ಬಂದಳು. ನನ್ನ ಬೆನ್ನ ಹಿಂದೆ ಯಾಕೆ ಕಳಿಸಿದಿರಿ ಎಂದು ಕೇಳಿದಳು. ಅಷ್ಟೇ ಕೇಳಬೇಕೆಂದುಕೊಂಡಿದ್ದಳು. ಆದರೆ ಬಾಯಿ ಹಿಡಿತ ತಪ್ಪಿತು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಮುಖಕ್ಕೆ ಹೇಳಬಹುದಿತ್ತು ಎಂದೂ ಅಂದಳು.

"ನಂಬಿಕೆ ಇದ್ದಿದ್ದಕ್ಕೇ ಕಳಿಸ್ದೆ," ಎಂದ ಅವನು, ನೆಲ ನೋಡುತ್ತ. "ಅಲ್ಲೂ ಕಂಡ್ರೆ ಆಮೇಲೆ ಯಾರೂ ನಿಮ್ಮ ಕಡೆ ಬೆರಳು ತೋರ್ಸೋ ಹಾಗಿರಲ್ಲ ಅಂತ."

"ನನ್ನ ಕೇಳಬಹುದಿತ್ತು."

"ಕೇಳಬೇಕಿತ್ತು."

ಅವಳು ಅವನ ಮುಖ ನೋಡಿದಳು. ಅಷ್ಟು ದಿನ ಆ ಮುಖದ ಒಂದೊಂದು ಹುಬ್ಬನ್ನೂ ಓದಿದ್ದವಳಿಗೆ ಈಗ ಅಲ್ಲಿ ಒಂದಕ್ಷರವೂ ಸಿಗಲಿಲ್ಲ. ಅವಳು ಹೊರಟುಹೋದಳು.

ಅವನಿಲ್ಲದೆ ಕೆಲಸ ಶುರುಮಾಡಿದಳು. ಹೊಸ ಚಿನ್ನ, ಹೊಸ ಪದರ, ಕೋಣೆಯಲ್ಲಿ ತಾನೊಬ್ಬಳೇ. ಪರದೆಯ ಮೇಲೆ ಗೆರೆಗಳು ಒಂದರ ಕೆಳಗೊಂದು ಬಂದವು, ಅಣುಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಪಟ್ಟೆ ಇರಲಿಲ್ಲ. ಸ್ಯಾಂಪಲ್ ಕೆಟ್ಟಿರಬೇಕೆಂದು ಇನ್ನೊಂದು ಮಾಡಿದಳು. ಅದರಲ್ಲೂ ಇಲ್ಲ. ಹಳೆಯದನ್ನೇ, ಪಟ್ಟೆ ಎದ್ದು ಕಂಡಿದ್ದ ಅದೇ ಚೂರನ್ನೇ ಇಟ್ಟಳು. ಅದೂ ಬೋಳು.

ಆಗ ಅವಳಿಗೆ ಹೊಳೆಯಿತು. ಪಟ್ಟೆ ಬಂದದ್ದು ಅವನಿದ್ದಾಗ ಮಾತ್ರ. ಇಷ್ಟು ದಿನ ಅವನು ಬಂದು ಕೂತ ದಿನಗಳೇ ತನ್ನ ಒಳ್ಳೆಯ ದಿನಗಳು ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಈಗ ಅದೇ ಮಾತು ಬೇರೆ ಮುಖ ತೋರಿಸಿತು. ಅವನೇ ಏನಾದರೂ ಮಾಡುತ್ತಿದ್ದನೇ? ಯಂತ್ರದ ಒಳಗುಟ್ಟೆಲ್ಲ ಬಲ್ಲವನು. ತನ್ನನ್ನು ಖುಷಿಪಡಿಸಲು ಏನಾದರೂ ತಿರುಗಿಸಿ, ಆಮೇಲೆ ಹೆದರಿ ಬೇರೆಯವರಿಂದ ಪರೀಕ್ಷೆ ಮಾಡಿಸಿದನೇ? ಹಾಗೆಲ್ಲ ಯೋಚಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಯೋಚನೆ ಬಿಡಲಿಲ್ಲ.

ಭಾನುವಾರ ಮನೆಗೆ ಹೋದಳು. ಊಟದ ಮೇಜಿನಲ್ಲಿ ಅಮ್ಮ ಸೀಟಿನ ವಿಷಯ ಕೇಳಿದರು, ಅವಳು ಅನ್ನ ಕಲಸುತ್ತ ಕೂತಳು. ಎದುರಿಗೆ ಅಣ್ಣ. ಅವನು ಹೊಸದಾಗಿ ಯಾರನ್ನೋ ಮೆಚ್ಚಿಕೊಂಡಿದ್ದ, ಇನ್ನೂ ಯಾರಿಗೂ ಹೇಳಿರಲಿಲ್ಲ, ಮನೆಯವರಿಗೆಲ್ಲ ಗೊತ್ತಿತ್ತು. ತಟ್ಟೆಯ ಪಕ್ಕ ಫೋನ್ ಮಗುಚಿಟ್ಟುಕೊಂಡು ಕೂತಿದ್ದ.

"ಕಾಲು ಅಲ್ಲಾಡಿಸಬೇಡ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ," ಎಂದರು ಅಮ್ಮ. "ನೀರೆಲ್ಲ ಕುಣೀತಿದೆ ನೋಡು."

ಅವಳು ತನ್ನ ಲೋಟ ನೋಡಿದಳು. ನೀರಿನ ಮೇಲೆ ಸಣ್ಣ ಸಣ್ಣ ಅಲೆಗಳು, ಒಂದರ ಹಿಂದೊಂದು, ಒಂದೇ ಅಂತರದಲ್ಲಿ.

ಅಣ್ಣ ಕಾಲು ನಿಲ್ಲಿಸಿದ. ನೀರು ಬೋಳಾಯಿತು. ಫೋನು ಗುಂಯ್ ಎಂದಿತು. ಮತ್ತೆ ಅಲೆಗಳು ಬಂದವು.

"ಇವನು ಚಿಕ್ಕಂದಿನಿಂದ್ಲೂ ಹೀಗೇ," ಎಂದರು ಅಮ್ಮ, ಅವಳ ಕಡೆ ತಿರುಗಿ. "ಮನಸಲ್ಲಿರೋದನ್ನ ಬಾಯಲ್ಲಿ ಹೇಳಲ್ಲ. ಎಲ್ಲ ಕಾಲಲ್ಲೇ."

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಮೂಲೆ ಸ್ಟೂಲು, ಮೊಣಕಾಲು, ಮೊಣಕಾಲಿಗೆ ತಾಗುವ ವೈರುಗಳ ಕಂತೆ. ನೆಲದ ನಡುಕವನ್ನೇನೋ ಗಾಳಿಯ ಮೇಜು ತಡೆಯುತ್ತದೆ. ವೈರಿನ ಮೂಲಕ ಹತ್ತಿದ್ದನ್ನು ತಡೆಯುವವರು ಯಾರು? ಆದರೆ ಲ್ಯಾಬಿನಲ್ಲಿ ಅವನು ಎಲ್ಲರ ಸ್ಯಾಂಪಲ್ ನೋಡುವಾಗಲೂ ಅಲ್ಲೇ ಕೂರುತ್ತಾನೆ. ಗೆಳತಿಯ ಚಿತ್ರದಲ್ಲಿ ಪಟ್ಟೆ ಬಂದಿಲ್ಲ. ಯಾರದರಲ್ಲೂ ಬಂದಿಲ್ಲ. ಬಂದಿರುವುದು ತನ್ನದರಲ್ಲಿ ಮಾತ್ರ.

ಮಜ್ಜಿಗೆ ಬೇಕಾ ಎಂದು ಅಮ್ಮ ಕೇಳಿದ್ದು ಅವಳಿಗೆ ಕೇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅವನಿಗೆ ಮೆಸೇಜ್ ಮಾಡಿದಳು: ಕಡೆಯ ಸಲ ಒಂದು ಸ್ಯಾಂಪಲ್ ನೋಡಬೇಕು, ಬನ್ನಿ. ಅಷ್ಟೇ. ಅವನು ಬರುವ ಮೊದಲೇ ಸೂಜಿಯ ಕೆಳಗೆ ಬರೀ ಚಿನ್ನದ ಚೂರನ್ನಿಟ್ಟಳು. ಅದರ ಮೇಲೆ ಪದರವಿಲ್ಲ, ಅಣುವಿಲ್ಲ. ಅದರಲ್ಲಿ ಪಟ್ಟೆ ಕಂಡರೆ ಅದು ಚಿನ್ನದ್ದೂ ಅಲ್ಲ, ಅಣುಗಳದ್ದೂ ಅಲ್ಲ.

ಕಂಡರೆ ಅವಳ ಸಂಶೋಧನೆ ಮಣ್ಣುಪಾಲು, ಸೀಟೂ ಹೋದ ಹಾಗೆ. ಕಾಣದಿದ್ದರೆ ಪಟ್ಟೆಗಳಿಗೆ ಇನ್ನೂ ಒಂದಷ್ಟು ಜೀವವಿದೆ, ಎಲ್ಲೋ ಏನೋ ಸರಿಯಾಗಬಹುದು. ಆದರೆ ಆಗ ಮೂಲೆಯಲ್ಲಿ ಕೂತವನ ಮನಸ್ಸಿನಲ್ಲಿ ಅವಳಿಗಾಗಿ ಏನೂ ಇಲ್ಲ. ತನಗೆ ಯಾವುದು ಬೇಕು ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಉತ್ತರ ಬಂದ ವೇಗಕ್ಕೆ ಅವಳಿಗೇ ಭಯವಾಯಿತು.

ಅವನು ಬಂದ. ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದ. ಮೂಲೆ ಸ್ಟೂಲಿನ ಮೇಲೆ ಕೂತ. ನಿದ್ದೆಗೆಟ್ಟ ಕಣ್ಣು, ಇಸ್ತ್ರಿ ಕಾಣದ ಅಂಗಿ. ಅವಳು ಅವನ ಕಡೆ ನೋಡದೆ ಸ್ಕ್ಯಾನ್ ಒತ್ತಿದಳು.

ಗೆರೆಗಳು ಬರತೊಡಗಿದವು. ಬೋಳು. ಇನ್ನೊಂದು ಗೆರೆ, ಇನ್ನೊಂದು. ಪರದೆಯ ಮೇಲಿನ ಕಾಲುಭಾಗ ತುಂಬಿತು. ಗಾಳಿ ಬೀಸದ ಕೆರೆಯ ಹಾಗೆ ನಿಶ್ಚಲವಾಗಿತ್ತು. ಅಯ್ಯೋ ಹುಚ್ಚಿ, ಲೋಟದ ನೀರು ನೋಡಿ ಏನೇನೆಲ್ಲ ಕಟ್ಟಿಕೊಂಡೆ ಎಂದುಕೊಂಡಳು.

ಆಮೇಲೆ, ಇನ್ನು ಕಳೆದುಕೊಳ್ಳುವುದೇನಿದೆ ಎಂದು, ತಿರುಗಿ ಅವನನ್ನು ನೋಡಿದಳು.

ಸುಮ್ಮನೆ ನೋಡಿದಳು. ಕೋಪವಿಲ್ಲದೆ, ಪ್ರಶ್ನೆಯಿಲ್ಲದೆ. ಅವನು ಪರದೆ ನೋಡುತ್ತಿದ್ದವನು ಅವಳ ನೋಟ ತಾಗಿ ಇತ್ತ ತಿರುಗಿದ. ಮೊದಲು ಹುಬ್ಬು ಗಂಟಿಕ್ಕಿದ, ಏನು ಎಂಬಂತೆ. ಅವಳು ಕಣ್ಣು ಕೀಳಲಿಲ್ಲ. ಅವನ ಹುಬ್ಬಿನ ಗಂಟು ತಾನೇ ಸಡಿಲವಾಯಿತು. ಅವನು ಪರದೆಯ ಕಡೆ ನೋಡಲು ಹೋಗಿ, ನೋಡಲಾರದೆ, ಮತ್ತೆ ಅವಳ ಕಡೆಗೇ ಬಂದ. ಕಿವಿಯ ತುದಿ ಕೆಂಪಗಾಗಿತ್ತು. ಇಷ್ಟು ದಿನ ತಾನು ಓದಲಾರದೆ ಹೋಗಿದ್ದ ಮುಖ ಇದೇ ಏನು ಎಂದು ಅವಳಿಗೆ ಅನ್ನಿಸಿತು.

ಅವಳು ಪರದೆಗೆ ತಿರುಗಿದಳು.

ಪಟ್ಟೆಗಳು ಬಂದಿದ್ದವು. ಬೋಳು ಭಾಗ ಮುಗಿದ ಜಾಗದಿಂದ, ಅವಳು ತಿರುಗಿ ನೋಡಿದ ಕ್ಷಣದಿಂದ, ಸಾಲುಸಾಲಾಗಿ.

ಅವಳು ಪರದೆಯನ್ನೇ ನೋಡುತ್ತ ಕೂತಳು. ಪಟ್ಟೆಗಳು ಮೆಲ್ಲಗೆ ಮಸುಕಾದವು, ಹೋದವು. ಮತ್ತೆ ತಿರುಗಿ ಅವನನ್ನು ನೋಡಿದಳು. ಪಟ್ಟೆ ಬಂತು. ಕೈ ಚಾಚಿ ಸೂಜಿಯ ವೇಗ ಹೆಚ್ಚಿಸಿದಳು. ಸೂಜಿ ಮುರಿದೀತೆಂದು ಅವನು ಎಂದೂ ಬದಲಿಸಬೇಡಿ ಎಂದಿದ್ದ ವೇಗ ಅದು. ಪಟ್ಟೆಗಳ ಮೇಲಿನ ಮೋಹಕ್ಕೆ ಅವಳೂ ಅದನ್ನು ಮುಟ್ಟದೆ ಬಿಟ್ಟಿದ್ದಳು. ಪಟ್ಟೆಗಳು ಅಗಲವಾದವು. ನಿಜವಾದ ಅಣುಗಳು ಯಾರ ವೇಗಕ್ಕೂ ಅಗಲವಾಗುವುದಿಲ್ಲ.

ಅವನಿಗೆ ಹೇಳಬೇಕಾಗಲಿಲ್ಲ. ಆ ಯಂತ್ರವನ್ನು ಅವಳಿಗಿಂತ ಚೆನ್ನಾಗಿ ಬಲ್ಲವನು. ಅವನ ನೋಟ ಪರದೆಯಿಂದ ವೈರಿನ ಕಂತೆಗೆ ಇಳಿಯಿತು, ಅಲ್ಲಿಂದ ಅದಕ್ಕೆ ಒತ್ತಿಕೊಂಡಿದ್ದ ತನ್ನ ಮೊಣಕಾಲಿಗೆ. ಮೊಣಕಾಲು ಇನ್ನೂ ಸಣ್ಣಗೆ ಕುಣಿಯುತ್ತಿತ್ತು. ಅದು ಬೇರೆ ಯಾರದೋ ಎಂಬಂತೆ ಅವನು ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದ.

"ಸ್ಯಾಂಪಲ್ ಯಾವುದು?" ಎಂದ. ಆ ಕೋಣೆಯಲ್ಲಿ ಅವನು ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ಬರೀ ಚಿನ್ನ."

ಅವನು ಗರಬಡಿದವನಂತೆ ಕೂತ. ನಿಮ್ಮ ಇಡೀ ವರ್ಷ ಹಾಳುಮಾಡಿದೆ ಎಂದ. ಮೇಡಂ ಹತ್ತಿರ ಈಗಲೇ ಹೋಗುತ್ತೇನೆ, ತಪ್ಪು ನನ್ನದೆಂದು ಹೇಳುತ್ತೇನೆ ಎಂದು ಎದ್ದ. ಅವಳು ಬಾಗಿಲಿಗೆ ಅಡ್ಡ ನಿಂತಳು. ಕೋಣೆ ಅಷ್ಟು ಕಿರಿದಾಗಿದ್ದರಿಂದ ಬೇರೆಲ್ಲೂ ನಿಲ್ಲುವುದಕ್ಕೆ ಜಾಗವಿರಲಿಲ್ಲ ಎಂಬುದೂ ನಿಜ.

"ನನ್ನ ಗೆಳತಿಯ ಸ್ಯಾಂಪಲ್ ನೋಡುವಾಗ ನಿಮ್ಮ ಕಾಲು ಯಾಕೆ ಅಲ್ಲಾಡಲ್ಲ?"

ಅವನು ವೈರಿನ ಕಂತೆಯನ್ನು ಗೋಡೆಯ ಕಡೆ ಸರಿಸತೊಡಗಿದ.

"ಹೇಳಿ. ಪರದೆ ಆಗ್ಲೇ ಹೇಳಿದೆ. ನಿಮ್ಮ ಬಾಯಿಂದ ಕೇಳ್ಬೇಕು ನನಗೆ."

"ನಿಮ್ಮ ಮಾರ್ಕು ನನ್ನ ಕೈಲಿದೆ," ಎಂದ ಅವನು. "ಅದಿರೋವರೆಗೂ ನಾನು ಏನು ಹೇಳಿದ್ರೂ ತಪ್ಪು. ನೀವು ಬೇಡ ಅನ್ನೋಕೂ ಹೆದರ್ಬೇಕಾಗುತ್ತೆ. ಅದಕ್ಕೇ ಬಾಯಿಗೆ ಬೀಗ ಹಾಕ್ಕೊಂಡೆ. ಈಚೀಚೆಗೆ ಮುಖ ನೋಡೋದೂ ಬಿಟ್ಟೆ." ಅವನು ತನ್ನ ಮೊಣಕಾಲು ನೋಡಿಕೊಂಡ. "ಇದಕ್ಕೆ ಬೀಗ ಹಾಕ್ಬೇಕು ಅಂತ ಹೊಳೀಲಿಲ್ಲ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಅಳುವೂ ಬಂತು, ಏಕೆಂದರೆ ಪಟ್ಟೆಗಳು ಸತ್ತಿದ್ದವು, ಅವನ್ನು ಅವಳು ನಿಜವಾಗಿ ಪ್ರೀತಿಸಿದ್ದಳು. ಅವನು ಕೈ ಎತ್ತಿದ, ಅವಳ ಕಣ್ಣೊರೆಸಲು ಇರಬೇಕು, ನಡುದಾರಿಯಲ್ಲಿ ನಿಲ್ಲಿಸಿ ಇಳಿಸಿದ.

"ಶುಕ್ರವಾರ ಆಗ್ಲಿ," ಎಂದಳು ಅವಳು. "ಮೊದಲು ಇದನ್ನ ನಾನೇ ಹೇಳ್ತೀನಿ. ನೀವಲ್ಲ, ನಾನು."

ಶುಕ್ರವಾರ ಹಾಲ್ ತುಂಬಿತ್ತು. ಅವಳು ಮೊದಲು ಪಟ್ಟೆಗಳನ್ನು ತೋರಿಸಿದಳು. ಹಿಂದಿನ ಸಾಲಿನಿಂದ ಮೆಚ್ಚುಗೆಯ ಗುಸುಗುಸು ಬಂತು. ಆಮೇಲೆ ಅದೇ ಪಟ್ಟೆಗಳನ್ನು ಬರೀ ಚಿನ್ನದ ಮೇಲೆ ತೋರಿಸಿದಳು. ವೇಗ ಬದಲಿಸಿದಾಗ ಅಗಲವಾದದ್ದನ್ನು ತೋರಿಸಿದಳು. ನಾನು ಕಂಡದ್ದು ಅಣುಗಳ ಸಾಲಲ್ಲ, ವೈರಿನ ಮೂಲಕ ಬಂದ ನಡುಕ ಎಂದಳು. ವೇಗ ಬದಲಿಸಿ ನೋಡುವ ಈ ಪರೀಕ್ಷೆಯನ್ನು ನಾನು ಮೊದಲ ದಿನವೇ ಮಾಡಬೇಕಿತ್ತು, ಮಾಡಲಿಲ್ಲ ಎಂದೂ ಒಪ್ಪಿಕೊಂಡಳು. ದನಿ ಒಡೆಯಲಿಲ್ಲ.

ಮೇಡಂ ಕೊನೆಯ ಚಿತ್ರದ ಕಡೆ ಬೆರಳು ತೋರಿಸಿದರು.

"ನಡುಕದ ಮೂಲ?"

"ಮೂಲೆ ಸ್ಟೂಲು, ಮೇಡಂ."

"ಆ ಸ್ಟೂಲು ಅಲ್ಲಿ ವರ್ಷಗಳಿಂದ ಇದೆ. ಬೇರೆ ಯಾರ ಚಿತ್ರದಲ್ಲೂ ಇದು ಬಂದಿಲ್ಲ. ನಿನ್ನದರಲ್ಲಿ ಮಾತ್ರ ಯಾಕೆ?"

ಎಲ್ಲದಕ್ಕೂ ತಯಾರಾಗಿ ಬಂದಿದ್ದವಳು ಈ ಒಂದಕ್ಕೆ ತಯಾರಾಗಿರಲಿಲ್ಲ. ಹಿಂದೆ ಎಲ್ಲೋ ಕುರ್ಚಿ ಸರಿದ ಸದ್ದಾಯಿತು. ಅವನು ಎದ್ದು ನಿಂತಿದ್ದ.

"ಅದಕ್ಕೆ ನಾನು ಉತ್ತರ ಹೇಳ್ಬೇಕು, ಮೇಡಂ. ಆದ್ರೆ ಅದಕ್ಕೆ ಮುಂಚೆ, ಇವರ ಮಾರ್ಕು ಬೇರೆಯವರು ಹಾಕ್ಬೇಕು. ನಾನು ಹಾಕೋ ಹಾಗಿಲ್ಲ."

ಯಾರೋ ಕೆಮ್ಮಿದರು. ಗೆಳತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ಅವನನ್ನು ನೋಡಿದರು, ಅವಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದೇನೂ ಇರಲಿಲ್ಲ.

"ಕೂತ್ಕೊ," ಎಂದರು ಅವನಿಗೆ. "ಉತ್ತರ ಸಿಕ್ತು." ಆಮೇಲೆ ಅವಳ ಕಡೆ ತಿರುಗಿದರು. "ತನ್ನ ಪಟ್ಟೆಗಳನ್ನ ತಾನೇ ಅಳಿಸಿದವಳಿಗೆ ನನ್ನ ಲ್ಯಾಬಲ್ಲಿ ಜಾಗ ಇದೆ. ಆದರೆ ನೀನು ಒಳಗಿದ್ದಾಗ ಅವನು ಆ ಕೋಣೆಗೆ ಕಾಲಿಡಕೂಡದು. ಇದು ಲ್ಯಾಬಿನ ನಿಯಮ ಅಂತ ತಿಳ್ಕೊ."

ಹಾಗೆ ಅವರಿಬ್ಬರೂ ಆ ಕೋಣೆಯಿಂದ ಬೇರೆಯಾದರು.

ಮುಂದಿನ ವಾರ ಅವಳು ಒಬ್ಬಳೇ ಒಳಗಿದ್ದಳು. ಚಿತ್ರ ಗೆರೆಗೆರೆಯಾಗಿ ಬಂತು, ಅಣುಗಳು ತಮ್ಮ ಪಾಡಿಗೆ ಚೆಲ್ಲಾಪಿಲ್ಲಿ ಬಿದ್ದಿದ್ದವು. ಸ್ವಚ್ಛವಾದ, ನಿಜವಾದ ಚಿತ್ರ. ಮೂಲೆ ಸ್ಟೂಲು ಖಾಲಿಯಿತ್ತು. ಅವಳು ಎರಡು ಸಲ ಅತ್ತ ತಿರುಗಿ ನೋಡಿದಳು, ಅಭ್ಯಾಸಬಲದಿಂದ. ಚಿತ್ರ ಅಲುಗಲಿಲ್ಲ. ಅಷ್ಟು ಸ್ವಚ್ಛ ಚಿತ್ರವನ್ನು ನೋಡಿ ಅಷ್ಟು ಬೇಜಾರಾದವರು ಆ ಲ್ಯಾಬಿನಲ್ಲಿ ಯಾರೂ ಇರಲಿಕ್ಕಿಲ್ಲ.

ಮುಗಿಸಿ ಹೊರಗೆ ಬಂದಳು. ಕಾರಿಡಾರಿನ ಆಚೆ ತುದಿಯ ಬೆಂಚಿನ ಮೇಲೆ ಅವನು ಕೂತಿದ್ದ, ಕೋಣೆಯಿಂದ ಎಷ್ಟು ದೂರ ಕೂರಬಹುದೋ ಅಷ್ಟು ದೂರ. ಅವಳು ಬಾಗಿಲು ಎಳೆದುಕೊಂಡ ಸದ್ದಿಗೆ ತಲೆ ಎತ್ತಿದ. ಅವಳು ಬಂದು ಪಕ್ಕದಲ್ಲಿ ಕೂತಳು. ಬೆಂಚು ಸಣ್ಣಗೆ ನಡುಗುತ್ತಿತ್ತು.

ಅವನಿಗೂ ಅದು ಗೊತ್ತಾಯಿತು. ನಾಚಿಕೊಂಡು ಮೊಣಕಾಲನ್ನು ಕೈಯಿಂದ ಅದುಮಿ ಹಿಡಿದ.

ಅವಳು ಅವನ ಕೈಯನ್ನು ಮೊಣಕಾಲಿನಿಂದ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡಳು.

"ಬಿಡು, ಅಲ್ಲಾಡಲಿ," ಎಂದಳು, ಮೊದಲ ಸಲ ಏಕವಚನದಲ್ಲಿ. "ಇಲ್ಲಿ ಯಾರ ಚಿತ್ರವೂ ಕೆಡಲ್ಲ."